ಹೆಗ್ಗಣದ ಬಿಲ: ಮಾಲೀಕರ ಕೈಪಿಡಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಗದ್ದೆ, ಹಿತ್ತಲು ಇಟ್ಟುಕೊಂಡವರಿಗೂ, ಈಚೆಗೆ ಮನೆ ಮುಂದೆ ಹುಲ್ಲುಹಾಸು ಮಾಡಿಸಿದವರಿಗೂ ಅಭಿನಂದನೆ. ಹೆಗ್ಗಣ ನಿಮಗೆ ಪುಕ್ಕಟೆ ಬಂದಿದೆ. ವಾರಂಟಿ ಇಲ್ಲ, ವಾಪಸ್ ತಗೊಳ್ಳುವವರೂ ಇಲ್ಲ.

ಮೊದಲು ಸರಕಿನ ಪರಿಚಯ. ಬಿಲದ ಬಾಯಿ ಹಸಿಮಣ್ಣಿನಿಂದ ಮುಚ್ಚಿದ್ದು, ಮುಂದೆ ಮಣ್ಣಿನ ಗುಡ್ಡೆ ಬಿದ್ದಿದ್ದರೆ ಯಜಮಾನರು ಒಳಗಿದ್ದಾರೆ. ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆಯಲ್ಲಿ ಸುರಂಗ ಕೊರೆಯಲು ಸರ್ಕಾರ, ಎಂಜಿನಿಯರು ಎಲ್ಲ ಬೇಕಾಯಿತು. ಇವರು ಹಲ್ಲು, ಉಗುರಿನಲ್ಲೇ ಮುಗಿಸುತ್ತಾರೆ: ಮಲಗಲು ಒಂದು ಕೋಣೆ, ಕಣಜಕ್ಕೊಂದು, ತುರ್ತಿಗೆ ಹಿಂಬಾಗಿಲು. ಕೊಯ್ಲಿನ ಹೊತ್ತಿಗೆ ಅಗೆದು ನೋಡಿ. ಭತ್ತದ ತೆನೆಗಳು ಬುಡ ಕತ್ತರಿಸಿಕೊಂಡು ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ. ಜೊಳ್ಳನ್ನು ಮಾತ್ರ ನಿಮಗೆ ಬಿಟ್ಟಿರುತ್ತಾರೆ.

ಸಂಜೆ ಕಾಣುವ ಬಿಲಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿ. ಬೆಳಿಗ್ಗೆ ತೆರೆದುಕೊಂಡವು ಚಾಲ್ತಿ ಖಾತೆ. ಉಳಿದವಕ್ಕೆ ದುಡ್ಡು ದಂಡ ಮಾಡಬೇಡಿ.

ಬೋನು ಇಡುವವರಿಗೆ: ಸುಟ್ಟ ಕೊಬ್ಬರಿ ಆದೀತು. ಮದ್ದೂರಿನವರಿಗೆ ವಡೆಯೂ ಉಂಟು. ಈರುಳ್ಳಿ ಬಿದ್ದು ಎಣ್ಣೆ ಕುಡಿದ ಆ ವಡೆಯ ವಾಸನೆಗೆ ಹೆಗ್ಗಣವೇನು, ಮೈಸೂರಿಗೆ ಟಿಕೆಟ್ ಕೊಂಡವರೂ ರೈಲಿನಿಂದ ಕತ್ತು ಚಾಚಿದ್ದಾರೆ. ಬೋನಿಗೆ ಅರ್ಧ ವಡೆ ಸಾಕು, ಇನ್ನರ್ಧ ಕಾವಲು ಕೂತವರದು.

ವಿಷದ ವಿಷಯದಲ್ಲಿ ತಮಾಷೆ ಬೇಡ. ಜಿಂಕ್ ಫಾಸ್ಫೈಡ್ ಆದರೆ 96 ಭಾಗ ನುಚ್ಚಕ್ಕಿ, 2 ಭಾಗ ಎಣ್ಣೆ, 2 ಭಾಗ ಔಷಧ. ಬರಿಗೈಯಲ್ಲಿ ಮುಟ್ಟಬಾರದು, ಕೋಲಲ್ಲಿ ಕಲಸಬೇಕು; ಇದಕ್ಕೆ ಪ್ರತಿವಿಷವಿಲ್ಲ. ಮೊದಲ ಎರಡು ದಿನ ಔಷಧ ಹಾಕದೆ ಬರೀ ಎಣ್ಣೆನುಚ್ಚು ಇಟ್ಟು ಬೀಗರೂಟದ ಹಾಗೆ ಉಪಚರಿಸಿ, ಮೂರನೆಯ ಸಂಜೆ ವಿಷದ್ದನ್ನು ಬಿಲದೊಳಗೆ ತಳ್ಳಿ ಬಾಯಿ ಮುಚ್ಚಿ. ಅರೆಬರೆ ತಿಂದು ಬದುಕಿದ್ದು ಇನ್ನೊಮ್ಮೆ ಆ ನುಚ್ಚು ಮೂಸುವುದಿಲ್ಲ. ಅಂಥವಕ್ಕೆ ಬ್ರೋಮಾಡಿಯೋಲೋನ್ ಬಿಲ್ಲೆ: ತಿಂದು ಕೆಲವು ದಿನ ಕಳೆದ ಮೇಲೆ ಸಾಯುವುದರಿಂದ ಯಾರ ಮೇಲೂ ಅನುಮಾನ ಬರುವುದಿಲ್ಲ. ಸತ್ತದ್ದನ್ನು ಹೂಳಿ. ಗೂಬೆ, ಕೇರೆಹಾವು ತಿಂದರೆ ಸಂಬಳವಿಲ್ಲದೆ ದುಡಿಯುತ್ತಿದ್ದ ಆಳುಗಳನ್ನೇ ಕೊಂದಂತೆ. ಸಂಶಯವಿದ್ದರೆ ಮಂಡ್ಯದ ವಿ.ಸಿ. ಫಾರಂನಲ್ಲಿ ಕೇಳಿ, ಚಹಾ ಅಂಗಡಿಯಲ್ಲಲ್ಲ.

ಇನ್ನು ಕಷ್ಟದ ಭಾಗ. ಇಡೀ ಬಯಲಿನವರು ಒಂದೇ ದಿನ ಮದ್ದಿಡದಿದ್ದರೆ ಪಕ್ಕದ ಗದ್ದೆಯವು ನಿಮ್ಮ ಖಾಲಿ ಬಿಲಕ್ಕೆ ಬಂದು ಸಂಸಾರ ಹೂಡುತ್ತವೆ. ಮೂರು ವಾರ ಕಳೆದರೆ ಬಾಣಂತನ. ಆದರೆ ಬಿಲ ಇರುವುದು ಬದುವಿನಲ್ಲಿ, ಬದು ಇರುವುದು ಇಬ್ಬರ ನಡುವೆ. ಬದುವಿನ ಮೇಲಿನ ತೆಂಗಿನಕಾಯಿ ಕೀಳುವಾಗ ಇಬ್ಬರದೂ ಹಕ್ಕು. ಕಟ್ಟು ನೀರು ಬಂದ ರಾತ್ರಿ ಬಿಲದ ತೂತಿನಿಂದ ಒಬ್ಬನ ಗದ್ದೆ ಬರಿದಾಗಿ ಇನ್ನೊಬ್ಬನದು ತುಂಬಿದಾಗ ಮಾತು ಬೇರೆ.

"ಬದಾ ನಿಂದೇ ಕಣ್ಲಾ, ಹೆಗ್ಗಣಾನೂ ನಿಂದೇ."

"ನಂದಾದ್ರೆ ಕಾಯಿ ಯಾಕಣ್ಣ ಕಿತ್ಕೊಂಡೆ?"

ಹದ್ದುಬಸ್ತಿಗೆ ಅರ್ಜಿ ಹಾಕಬಹುದು, ಹೆಗ್ಗಣಕ್ಕೆ ಅವಸರವಿಲ್ಲ. ಅದಕ್ಕಿಂತ ಬೇಗ ಆಗುವ ದಾರಿಯೊಂದಿದೆ. ದಪ್ಪ ಬದುವಿನಲ್ಲೇ ಬಿಲ ಜಾಸ್ತಿ. ಸಣ್ಣ ಬದುವಿನಲ್ಲಿ ಕೋಣೆಗೆ ಜಾಗ ಸಾಲದು. ನಮ್ಮ ಕಡೆ ಪ್ರತಿ ಬೆಳೆಗೂ ಗುದ್ದಲಿ ಹಿಡಿದು ಒಂದೊಂದು ಅಂಗುಲ ಪಕ್ಕದವನ ಬದು ಕೆತ್ತುವ ಪದ್ಧತಿ ಹಿಂದಿನಿಂದ ಇದ್ದೇ ಇದೆ. ಇಬ್ಬರೂ ಎರಡು ಕಡೆಯಿಂದ ಕೆತ್ತಿ, ಅದು ಒಂದಡಿಗೆ ಬಂದಾಗ ನಿಲ್ಲಿಸಿ. ಕೇಳಿದವರಿಗೆ ಹೆಗ್ಗಣ ನಿಯಂತ್ರಣ ಎನ್ನಿ.