ಕೊಡುಗೈ ಬಡಾವಣೆ

ನಮ್ಮ ಬಡಾವಣೆಯ ಸುದ್ದಿಗಳೆಲ್ಲ ಹುಟ್ಟುವುದು ಪಾರ್ಕಿನ ಗೇಟಿನ ಪಕ್ಕದ ಕರಿಹಲಗೆಯ ಮೇಲೆ. ಬನಶಂಕರಿಯ ಈ ಮೂಲೆಯಲ್ಲಿ ಬೆಳಗ್ಗೆ ಮಂಕಿಟೋಪಿ ಹಾಕಿಕೊಂಡು ವಾಕಿಂಗ್ ಹೊರಟವರು ಮೊದಲು ಹಲಗೆ ಓದಿ ಆಮೇಲೆ ಹೆಜ್ಜೆ ಹಾಕುತ್ತಾರೆ. ಓದಿದ್ದಕ್ಕೇ ಸುಸ್ತಾಗಿ ಮನೆಗೆ ಮರಳುವವರೂ ಉಂಟು. ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು. ಸೀಮೆಸುಣ್ಣ ಹಿಡಿಯದೆ ಇರಲಾರದೆ ಈ ಹುದ್ದೆ ಒಪ್ಪಿಕೊಂಡವರು. ವರ್ಷದ ಬಹುಪಾಲು ದಿನ ಹಲಗೆಯಲ್ಲಿ ಇರುವುದು ಒಂದೇ ಜಾತಿಯ ಸುದ್ದಿ. ನಾಳೆ ಕಾವೇರಿ ನೀರು ಬರುವುದಿಲ್ಲ. ಎರಡನೇ ಕ್ರಾಸಿಗೆ ಕರೆಂಟು ಇರುವುದಿಲ್ಲ. ಪಿ.ಜಿ. ಹುಡುಗರು ಪಾರ್ಕಿನ ಗೇಟಿಗೆ ಅಡ್ಡ ಬೈಕು ನಿಲ್ಲಿಸಬಾರದು. ಈ ಕೊನೆಯದಕ್ಕೆ ಮಾತ್ರ ಸುತ್ತ ಕೆಂಪು ಸೀಮೆಸುಣ್ಣದ ಚೌಕಟ್ಟು.

ಗೌರಿಹಬ್ಬ ಹತ್ತಿರವಾಯಿತೆಂದರೆ ಹಲಗೆಯ ದನಿಯೇ ಮೆತ್ತಗಾಗುತ್ತದೆ. 'ಬಾರದು', 'ಕೂಡದು' ಎಲ್ಲ ಅಳಿಸಿಹೋಗಿ 'ಉದಾರವಾಗಿ', 'ತನುಮನಧನ' ಮೊದಲಾದ ಪದಗಳು ಮೂಡುತ್ತವೆ. ಅಲ್ಲಿಂದ ಸಂಕ್ರಾಂತಿಯವರೆಗೆ ನಮ್ಮದು ಕೊಡುಗೈ ಬಡಾವಣೆ. ಯಾರು ಕೊಡುತ್ತಾರೆ, ಏನು ಕೊಡುತ್ತಾರೆ, ಯಾತಕ್ಕೆ ಕೊಡುತ್ತಾರೆ ಎಂಬುದನ್ನು ಮಾತ್ರ ಕೊಂಚ ಬಿಡಿಸಿ ಹೇಳಬೇಕು.

ಮೊದಲು ಬರುವುದು ಚಂದಾ. 1893ರಲ್ಲಿ ತಿಲಕರು ಪುಣೆಯಲ್ಲಿ ಗಣೇಶನನ್ನು ಮನೆಯೊಳಗಿಂದ ಬೀದಿಗೆ ಕರೆತಂದರು. ಅವನ ಬೆನ್ನಿಗೇ ರಸೀದಿ ಪುಸ್ತಕವೂ ಬಂದಿರಬೇಕು. ಈ ಪುಸ್ತಕ ಬರೆಯುವುದು ಒಂದು ಕಲೆ. ಮೊದಲ ಸಾಲಿನಲ್ಲಿ 'ಹಿತೈಷಿಗಳು - 5001' ಎಂದಿರುತ್ತದೆ. ಈ ಹಿತೈಷಿ ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಎರಡನೆಯ ಸಾಲಿನಲ್ಲಿ ನಿಮ್ಮ ಪಕ್ಕದ ಮನೆಯವರ ಹೆಸರು, ನಿಮಗೆ ನಿದ್ದೆಗೆಡಿಸುವಂಥ ಒಂದು ಮೊತ್ತ. ಹುಡುಗರು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಆ ಪುಟ ತೆರೆದು ಹಿಡಿದು ಆಕಾಶ ನೋಡುತ್ತಾ ನಿಲ್ಲುತ್ತಾರೆ. ನಮ್ಮೊಳಗಿನ ಭಕ್ತಿಗಿಂತ ಮೊದಲು ಮಾನ ಎದ್ದು ಪರ್ಸು ತೆಗೆಯುತ್ತದೆ. ಗಣೇಶನಿಗೆ ಕೊಟ್ಟವರು ಅಣ್ಣಮ್ಮನ ಉತ್ಸವಕ್ಕೆ ಇಲ್ಲವೆನ್ನಲಾದೀತೆ? ಅಣ್ಣಮ್ಮನಿಗೆ ಕೊಟ್ಟವರು ತಾಯಿ ಭುವನೇಶ್ವರಿಗೆ ಬೆನ್ನು ತೋರಿಸಲಾದೀತೆ? ರಾಜ್ಯೋತ್ಸವ ನವೆಂಬರ್ 1ಕ್ಕೆ ಎಂದು ಕ್ಯಾಲೆಂಡರು ಹೇಳಿದರೂ ಆರ್ಕೆಸ್ಟ್ರಾದವರ ಡೇಟು ಸಿಕ್ಕ ದಿನವೇ ನಮ್ಮ ಬೀದಿಗೆ ನವೆಂಬರ್ ಒಂದು. ಕೇಸರಿ ಶಾಲು ಹೋಗಿ ಕೆಂಪು-ಹಳದಿ ಶಾಲು ಬರುತ್ತದೆ. ಹುಡುಗರು ಅವರೇ, ಪೆನ್ನು ಅದೇ, ಹಿತೈಷಿಗಳೂ ಅವರೇ.

ನಡುವೆ ಆಯುಧಪೂಜೆ. ಅಂದು ಬೂದುಗುಂಬಳಕಾಯಿಗಳು ನಡುರಸ್ತೆಯಲ್ಲಿ ಪ್ರಾಣ ಬಿಡುತ್ತವೆ. ಮನೆಯ ಮುಂದೆ ಹಬ್ಬದ ಇನಾಮಿನ ಸಾಲು ನಿಲ್ಲುತ್ತದೆ. ಪೇಪರಿನ ಹುಡುಗ, ಹಾಲಿನವನು, ಸಿಲಿಂಡರಿನವನು, ಪೌರಕಾರ್ಮಿಕರು, ಎಲ್ಲರೂ ಪರಿಚಿತರು, ಹಕ್ಕುದಾರರು. ಸಾಲಿನ ಕೊನೆಯಲ್ಲಿ ಮಾತ್ರ ಪ್ರತಿವರ್ಷ ಖಾಕಿ ಅಂಗಿಯ ಒಬ್ಬ ಆಸಾಮಿ ಇರುತ್ತಾನೆ. "ನಾನು ಲೈನು ಸಾರ್" ಎನ್ನುತ್ತಾನೆ. ಕರೆಂಟು ಲೈನೋ, ನೀರಿನ ಲೈನೋ, ಒಳಚರಂಡಿ ಲೈನೋ ಎಂದು ಕೇಳಿದರೆ "ಎಲ್ಲಾ ಸಾರ್" ಎಂದು ನಗುತ್ತಾನೆ. ಹಾಗೆ ನಗುವವನಿಗೆ ಇಲ್ಲವೆನ್ನುವ ಎದೆಗಾರಿಕೆ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ.

ಇವೆಲ್ಲ ಹಳೆಯ ಸಂಪ್ರದಾಯಗಳು. ಹೊಸ ಸಂಪ್ರದಾಯ ಶುರುವಾದದ್ದು ಕಾರ್ಯದರ್ಶಿಗಳು ಪೇಪರಿನಲ್ಲಿ 'ದಾನ್ ಉತ್ಸವ್' ಬಗ್ಗೆ ಓದಿದ ಮೇಲೆ. ಗಾಂಧಿ ಜಯಂತಿಯಿಂದ ಒಂದು ವಾರ, ಅಕ್ಟೋಬರ್ 2ರಿಂದ 8ರವರೆಗೆ, ದೇಶದ ಹಲವೆಡೆ ಕೊಡುವ ಹಬ್ಬ ನಡೆಯುತ್ತದೆ, 2009ರಿಂದ ನಡೆದುಬಂದಿದೆ. ನಮ್ಮಲ್ಲೂ ಆಗಲಿ ಎಂದು ಹಲಗೆಯ ಮೇಲೆ ದಪ್ಪಕ್ಷರದ ಪ್ರಕಟಣೆ ಬಿತ್ತು. ಸಂಘದ ಕೋಣೆಯಲ್ಲಿ ಫ್ರಿಜ್ಜಿನ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟಿದೆ, ಬಳಸಬಹುದಾದ ವಸ್ತುಗಳನ್ನು ಬಡಬಗ್ಗರಿಗಾಗಿ ಹಾಕಿ ಸಹಕರಿಸಿ.

ಎರಡೇ ದಿನದಲ್ಲಿ ಪೆಟ್ಟಿಗೆ ತುಂಬಿ ತುಳುಕಿತು. ಕಾರ್ಯದರ್ಶಿಗಳ ಕಣ್ಣಲ್ಲಿ ಆನಂದಬಾಷ್ಪ. ಬಿಚ್ಚಿ ನೋಡಿದ ಮೇಲೆ ಬಾಷ್ಪ ಉಳಿಯಿತು, ಆನಂದ ಉಳಿಯಲಿಲ್ಲ. ಎಡಗಾಲಿನದೊಂದು ಶೂ, ಬಲಗಾಲಿನದು ಬಹುಶಃ ಮುಂದಿನ ಅಕ್ಟೋಬರಿಗೆ. ಮುಚ್ಚಳವಿಲ್ಲದ ಕುಕ್ಕರು. ಸಿಲೆಬಸ್ಸು ಬದಲಾಗಿ ಯಾವುದೋ ಕಾಲವಾದ ಎಸ್ಸೆಸ್ಸೆಲ್ಸಿ ಗೈಡು. ಯಾರದೋ ಮದುವೆಯ ವಿಡಿಯೋ ಕ್ಯಾಸೆಟ್ಟು. ಅರ್ಧ ಕುಡಿದ ಕೆಮ್ಮಿನ ಔಷಧಿ. ಗೃಹಪ್ರವೇಶಗಳಲ್ಲಿ ಬಂದ ಗೋಡೆ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತಿಗೆ ನಿಂತವು. ಜೊತೆಗೆ ರವಿಕೆ ಕಣಗಳ ದೊಡ್ಡ ಗಂಟು. ಬಾಗಿನದಲ್ಲಿ, ಅರಿಶಿನ ಕುಂಕುಮದಲ್ಲಿ ಮನೆಯಿಂದ ಮನೆಗೆ ಸುತ್ತುವ ಈ ಕಣಗಳನ್ನು ಹೊಲಿಸಿದವರನ್ನು ನಾನಂತೂ ನೋಡಿಲ್ಲ. ಅಳತೆ ಗೊಂಬೆಗಳಿಗೆ ದೊಡ್ಡದು, ಮನುಷ್ಯರಿಗೆ ಸಣ್ಣದು. ಮೂಲೆಮನೆಯ ಅಜ್ಜಿ ಗಂಟಿನೊಳಗೆ ಕೈಯಾಡಿಸಿ, "ಈ ಗಿಳಿಹಸಿರು ನನ್ನ ಮಗಳ ಸೀಮಂತಕ್ಕೆ ಬಂದಿದ್ದು. ಆ ಮಗುವಿಗೆ ಈಗ ಮದುವೆ ವಯಸ್ಸು" ಎಂದು ಗುರುತು ಹಿಡಿದರು.

ಗೇಟಿನ ಬಳಿ ಹೂ ಮಾರುವ ಹೆಂಗಸನ್ನು ಕರೆದು, ನಿನಗೆ ಬೇಕಾದ್ದನ್ನು ಆರಿಸಿಕೋ ತಾಯಿ ಎಂದರು ಕಾರ್ಯದರ್ಶಿಗಳು. ಆಕೆ ಪೆಟ್ಟಿಗೆಗೆ ಸುತ್ತು ಬಂದು, ಕುಕ್ಕರನ್ನು ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಕನಿಕರದಿಂದ ಹೇಳಿದಳು: "ಇರ್ಲಿ ಬಿಡಿ ಸಾರ್. ಯಾರಾದ್ರೂ ಬಡವರಿಗೆ ಕೊಡಿ."

ಇದು ನಮ್ಮ ಬಡಾವಣೆಯೊಂದರ ಕಾಯಿಲೆ ಎಂದು ಯಾರೂ ಹಿಗ್ಗಬೇಕಾಗಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಹಳೆಬಟ್ಟೆ ಹೋಯಿತು. ಉಡುವವರಿಲ್ಲದೆ ರಸ್ತೆಬದಿಯಲ್ಲಿ ರಾಶಿ ಬಿತ್ತು. ಮನೆ ಕಳೆದುಕೊಂಡ ಮೀನುಗಾರರಿಗೆ ಬೇಕಾದ್ದು ಬೇರೆ, ನಮ್ಮ ಬೀರುವಿಗೆ ಬೇಡವಾದದ್ದು ಬೇರೆ. ಆ ರಾಶಿಯನ್ನು ಬೇರ್ಪಡಿಸಿ ಬಳಕೆಗೆ ತರುವ ಕೆಲಸಕ್ಕೆ ಇಳಿದವರಲ್ಲಿ 'ಗೂಂಜ್' ಸಂಸ್ಥೆಯೂ ಇತ್ತು. 1999ರಲ್ಲಿ ಅಂಶು ಗುಪ್ತ ದೆಹಲಿಯಲ್ಲಿ ಕಟ್ಟಿದ ಸಂಸ್ಥೆ ಅದು. ಅವರದೊಂದು ಕ್ರಮ ನನಗೆ ಬಹಳ ಹಿಡಿಸಿದೆ. ಹಳ್ಳಿಯ ಜನ ತಮ್ಮೂರಿನ ಬಾವಿಯನ್ನೋ ರಸ್ತೆಯನ್ನೋ ತಾವೇ ದುಡಿದು ಸರಿಮಾಡಿಕೊಂಡರೆ ಅದಕ್ಕೆ ಗೌರವವಾಗಿ ಬಟ್ಟೆಯ ಕಟ್ಟು ಕೊಡುತ್ತಾರೆ. ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾಗಿಲ್ಲ. ಕೊಡುವವರಿಗೂ ಎಡಗಾಲಿನ ಶೂ ಕಳಿಸುವ ಧೈರ್ಯ ಬರುವುದಿಲ್ಲ.

ಪೆಟ್ಟಿಗೆಗೆ ನನ್ನ ಮನೆಯಿಂದ ಹೋದದ್ದು ಸನ್ಮಾನದ ಶಾಲುಗಳು. ಕನ್ನಡದಲ್ಲಿ ನಾಲ್ಕಕ್ಷರ ಬರೆಯುವವನ ಮನೆಗೆ ನವೆಂಬರಿನಲ್ಲಿ ಸಂಭಾವನೆ ಬಾರದಿದ್ದರೂ ಶಾಲು ಬಂದೇ ಬರುತ್ತದೆ. ಹೊದ್ದರೆ ಚಳಿ ಕಡಿಮೆಯಾಗುವುದಿಲ್ಲ, ತೆಗೆದರೆ ಹೆಚ್ಚಾಗುವುದೂ ಇಲ್ಲ, ಅಂಥ ಶಾಲುಗಳು. ಜೊತೆಗೆ ಮೈಸೂರು ಪೇಟ, ಗಾಜಿನ ಸ್ಮರಣಿಕೆ, ಒಣಗಲು ಶುರುವಾದ ಮೋಸಂಬಿಗಳ ಬುಟ್ಟಿ. ಹೆಂಡತಿ ಶಾಲುಗಳನ್ನೆಲ್ಲ ಮಡಿಸಿ ಪೆಟ್ಟಿಗೆಗೆ ಹಾಕಿ ಬಂದಳು. ಅದೇ ನವೆಂಬರಿನ ಕೊನೆಗೆ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ನನಗೊಂದು ಸನ್ಮಾನ. ಹೊದಿಸಿದ ಶಾಲಿನ ಅಂಚಿನಲ್ಲಿ ಕಾಫಿ ಕಲೆ ಇತ್ತು. ನನ್ನದೇ ಶಾಲು, ನನ್ನದೇ ಕಾಫಿ! ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ಮರಳಿಸಬೇಕು ಎಂದು ಅಂದು ಅಧ್ಯಕ್ಷರು ಭಾಷಣ ಮಾಡಿದರು. ಸಮಾಜವೂ ಅಷ್ಟೇ ಶ್ರದ್ಧೆಯಿಂದ ನನಗೆ ಮರಳಿಸಿತ್ತು.

ಇಲ್ಲಿಂದ ಬಸ್ಸು ಹತ್ತಿದರೆ ಸ್ವಲ್ಪ ದೂರದಲ್ಲಿ ಬುಲ್ ಟೆಂಪಲ್ ರಸ್ತೆ. ಅಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. 1970ರಲ್ಲಿ ನಾಡಿನ ಜನ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಆ ಕಾಲದ ಲಕ್ಷ. ಬೆಂಗಳೂರಿನಲ್ಲಿ ಒಳ್ಳೆಯ ಮನೆ ಬರುತ್ತಿತ್ತು. ಅವರು ಅಷ್ಟನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಮರಳಿಸುವುದೆಂದರೆ ಅದು. ನಮ್ಮದು ಶಾಲಿನ ಮಟ್ಟದಲ್ಲೇ ನಿಂತಿದೆ.

ರಾಜ್ಯೋತ್ಸವದ ಜೊತೆಗೇ ರಕ್ತದಾನ ಶಿಬಿರ ಇಟ್ಟದ್ದು ಕಾರ್ಯದರ್ಶಿಗಳ ಮತ್ತೊಂದು ಸಾಹಸ. ಹಬ್ಬದ ದಿನಗಳಲ್ಲಿ ಕಾಲೇಜುಗಳಿಗೆ ರಜೆ, ಜನ ಊರಿಗೆ ಹೋಗಿರುತ್ತಾರೆ, ರಕ್ತನಿಧಿಗಳಲ್ಲಿ ದಾಸ್ತಾನು ಇಳಿಯುತ್ತದೆ. ಕಾಯಿಲೆಗೆ ಮಾತ್ರ ದೀಪಾವಳಿ ರಜೆ ಇಲ್ಲ. ಪ್ಲೇಟ್‌ಲೆಟ್ಟುಗಳು ಐದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲವಾದ್ದರಿಂದ ಗಣೇಶನ ಹಬ್ಬದಲ್ಲಿ ಕೊಟ್ಟದ್ದನ್ನು ದೀಪಾವಳಿಗೆ ಎತ್ತಿಡುವಂತಿಲ್ಲ. ಇದನ್ನೆಲ್ಲ ಹಲಗೆಯ ಮೇಲೆ ಓದಿ ಬಡಾವಣೆ ಕರಗಿತು. ಶಿಬಿರದ ದಿನ ಬೆಳಗ್ಗೆಯೇ ಜನಸಾಗರ.

ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ವಯಸ್ಸು 18ರಿಂದ 65ರ ಒಳಗಿರಬೇಕು ಎನ್ನುತ್ತಿದ್ದಂತೆ ಅರ್ಧ ಸಾಲು ಖಾಲಿ. ಉಳಿದವರಲ್ಲಿ ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಇನ್ಸುಲಿನ್, ಒಬ್ಬರು ಸ್ಟೆಂಟ್ ಹಾಕಿಸಿಕೊಂಡವರು. ಹೆಂಗಸರ ಸಾಲಿನಲ್ಲಿ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಎಂದು ಸುಮಾರು ಮಂದಿ ವಾಪಸಾದರು. ಬಡಾವಣೆಗೆಲ್ಲ ಹೋಳಿಗೆ ಬಡಿಸುವ ಕೈಗಳಿಗೆ ತಮ್ಮ ತಟ್ಟೆಗೆ ಸೊಪ್ಪು ಬಡಿಸಿಕೊಳ್ಳಲು ಪುರುಸೊತ್ತಿಲ್ಲ. ಮೂರನೇ ಕ್ರಾಸಿನ ನಿವೃತ್ತ ಎಂಜಿನಿಯರು ಮಾತ್ರ, "ನನ್ನದು 66 ಇರಬಹುದು, ರಕ್ತದ ವಯಸ್ಸು 40" ಎಂದು ಬಹಳ ಹೊತ್ತು ವಾದಿಸಿದರು. ದಾನಿಗಳಿಗೆಂದು ತರಿಸಿದ್ದ ಬಿಸ್ಕತ್ತು, ಹಣ್ಣಿನ ರಸ ಮಾತ್ರ ಭರದಿಂದ ಖರ್ಚಾಗುತ್ತಿತ್ತು. ಕೊಡಲು ಬಂದು ಕೊಡಲಾಗದ ನೋವಿಗೆ ಏನಾದರೂ ಉಪಶಮನ ಬೇಕಲ್ಲ!

ಹನ್ನೊಂದರ ಹೊತ್ತಿಗೆ ಪಿ.ಜಿ. ಹುಡುಗರು ಎದ್ದರು. ರಾಯಚೂರು, ಬೀದರ, ಬಳ್ಳಾರಿ ಕಡೆಯವರು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮಲಗಿದವರು. ನಿದ್ದೆ ಸಾಕಾಗದವರನ್ನು ಡಾಕ್ಟರಮ್ಮ ತಿಂಡಿ ತಿಂದು ಮಲಗಿ ಸಂಜೆ ಬನ್ನಿ ಎಂದು ಓಡಿಸಿದರು. ಸಂಜೆ ಒಬ್ಬರೂ ತಪ್ಪಿಸದೆ ಬಂದರು. "ಎಷ್ಟ್ ಬೇಕ್ರಿ ಮೇಡಂ, ತಗೊಳ್ರಿ" ಎಂದು ತೋಳು ಚಾಚಿ ಮಲಗಿದರು. ಯಾರೂ ಫೋಟೋ ಕೇಳಲಿಲ್ಲ. ಹಣ್ಣಿನ ರಸ ಮುಗಿದಿತ್ತು. ನೀರು ಕುಡಿದು ಹೋದರು. ಮರುದಿನ ಹಲಗೆಯ ಮೇಲೆ ಕಾರ್ಯದರ್ಶಿಗಳ ದುಂಡಕ್ಷರ: 'ರಕ್ತದಾನಿಗಳಿಗೆ ಹಾರ್ದಿಕ ಅಭಿನಂದನೆಗಳು. ದಾನಿಗಳು ಪಾರ್ಕಿನ ಗೇಟಿಗೆ ಅಡ್ಡ ಬೈಕು ನಿಲ್ಲಿಸಬಾರದು.' ಚೌಕಟ್ಟು ಎರಡಕ್ಕೂ ಸೇರಿ ಒಂದೇ.

ಇಷ್ಟೆಲ್ಲ ಆದ ಮೇಲೆ ಸಂಕ್ರಾಂತಿ ಬರುತ್ತದೆ. ವಾರದ ಮುಂಚಿನಿಂದಲೇ ಮನೆಮನೆಯಲ್ಲಿ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಬಿಸಿಲಿಗಿಟ್ಟು, ಕಡಲೆಬೀಜ ಹುರಿದು ಸಿಪ್ಪೆ ಹಾರಿಸಿ, ಹುರಿಗಡಲೆ, ಎಳ್ಳು ಬೆರೆಸುತ್ತಾರೆ. ಹಬ್ಬದ ಸಂಜೆ ರೇಷ್ಮೆಲಂಗದ ಹುಡುಗಿಯರು ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಎಳ್ಳು ಬೀರಲು ಹೊರಡುತ್ತಾರೆ. ನಮ್ಮ ಮನೆಯಿಂದ ಹೋದಷ್ಟೇ ಪೊಟ್ಟಣಗಳು ನಮ್ಮ ಮನೆಗೆ ಬರುತ್ತವೆ. ಲೆಕ್ಕಪರಿಶೋಧಕರು ನೋಡಿದರೆ ಇದರಲ್ಲಿ ದಾನವೂ ಇಲ್ಲ, ಲಾಭವೂ ಇಲ್ಲ ಎಂದು ಷರಾ ಬರೆದಾರು. ಆದರೆ ಮೂಲೆಮನೆಯ ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದು ಮನೇದು, ಇದು ಅಂಗಡಿದು, ಇದರಲ್ಲಿ ಕೊಬ್ಬರಿ ಉಳಿಸಿದಾರೆ" ಎಂದು ತೀರ್ಪು ಕೊಡುತ್ತಾರೆ. ಆ ಭಯಕ್ಕೆ ಯಾರೂ ಕಮಟು ಕೊಬ್ಬರಿ ಹಾಕುವುದಿಲ್ಲ. ತಾವು ತಿನ್ನುವುದನ್ನೇ ಕಟ್ಟಿ ಕೊಡುತ್ತಾರೆ.

ಈ ಸಲ ಸಂಕ್ರಾಂತಿಯಂದು ನಮ್ಮ ಬೀದಿಯ ಪೌರಕಾರ್ಮಿಕ ಹೆಂಗಸಿಗೆ ಎಳ್ಳು ಕೊಟ್ಟು, ಬೇರೇನು ಬೇಕಮ್ಮ ಎಂದು ಕೇಳಿದೆ. ಸೀರೆ ಅಥವಾ ಹಣ ಕೇಳಿಯಾಳೆಂದು ಜೇಬಿನಲ್ಲಿ ಕೈ ಇಟ್ಟುಕೊಂಡೇ ಇದ್ದೆ. "ಒಡೆದ ಗಾಜನ್ನ ಪೇಪರಲ್ಲಿ ಸುತ್ತಿ ಬೇರೆ ಕೊಡಿ ಸಾರ್, ಕೈ ಕುಯ್ಯುತ್ತೆ. ಹಸಿ ಕಸ, ಒಣ ಕಸ ಬೇರೆ ಮಾಡಿದ್ರೆ ಅದೇ ಹಬ್ಬ" ಎಂದಳು. 2015ರ ಡಿಸೆಂಬರಿನಲ್ಲೇ ಹೈಕೋರ್ಟು ಬೆಂಗಳೂರಿಗೆಲ್ಲ 'ಎರಡು ಬುಟ್ಟಿ, ಒಂದು ಚೀಲ' ಎಂದು ಆದೇಶ ಮಾಡಿತ್ತು: ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಉಳಿದ ಹೊಲಸು. ಕಾಸು ಖರ್ಚಿಲ್ಲದ ಈ ಕೊಡುಗೆಯನ್ನು ಕೊಡುಗೈ ಬಡಾವಣೆ ಇನ್ನೂ ಪೂರ್ತಿ ಕೊಟ್ಟಿಲ್ಲ. ಇದಕ್ಕೆ ರಸೀದಿ ಇಲ್ಲ, ಶಾಲೂ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಮುಂದಿನ ಹಬ್ಬಕ್ಕೆ ಬೀರು ಖಾಲಿಮಾಡುವ ಉತ್ಸಾಹ ಬಂದರೆ ಖಂಡಿತ ಖಾಲಿಮಾಡಿ, ಆದರೆ ಅದಕ್ಕೆ ದಾನವೆಂದು ಹೆಸರಿಡಬೇಡಿ. ಹಳೇ ಪೇಪರಿನವನಿದ್ದಾನೆ, ಅವನು ನಿಮಗೇ ನಾಲ್ಕು ಕಾಸು ಕೊಡುತ್ತಾನೆ. ದಾನವನ್ನೇ ಮಾಡಬೇಕೆಂದಿದ್ದರೆ ತೆಗೆದುಕೊಳ್ಳುವವರನ್ನು ಮೊದಲು ಒಂದು ಮಾತು ಕೇಳಿ. 65ರ ಒಳಗಿದ್ದು ಗಟ್ಟಿಮುಟ್ಟಾಗಿದ್ದರೆ ಹಬ್ಬದ ವಾರದಲ್ಲಿ ಹತ್ತಿರದ ರಕ್ತನಿಧಿಗೆ ಫೋನು ಮಾಡಿ. 65 ದಾಟಿದ್ದರೆ ಶಿಬಿರದಲ್ಲಿ ಹಣ್ಣಿನ ರಸವನ್ನಾದರೂ ಕೊಡುವವರಿಗೆ ಬಿಡಿ.