ವಸ್ತ್ರ-ಛತ್ರ ನ್ಯಾಯ: ಘೋಡಬಂದರ್ ರಸ್ತೆಯ ಬೆಳಕನ್ನು ಕುರಿತು

ಉರಿಬಿಸಿಲೂ ಕಡುನೆರಳೂ ಒಂದೇ ಚೌಕಟ್ಟಿಗೆ ಬಿದ್ದಾಗ ಫಿಲ್ಮಿಗೆ ಎಷ್ಟು ಬೆಳಕು ಉಣಿಸಬೇಕೆಂಬ ವಿಚಾರಕ್ಕೆ ವಸ್ತ್ರ-ಛತ್ರ ನ್ಯಾಯವೆಂದು ಹೆಸರು. ಇದರ ಪುಣ್ಯಕ್ಷೇತ್ರ ಠಾಣೆಯ ಘೋಡಬಂದರ್ ರಸ್ತೆ. ಮೇ ತಿಂಗಳ ಮಟಮಟ ಮಧ್ಯಾಹ್ನ, ಕಾಸರವಡವಲಿಯ ಮೆಟ್ರೊ ಕಂಬದ ನೆರಳಿನಲ್ಲಿ ಕರಿಕೊಡೆ ಹಿಡಿದ ಅತ್ತೆ. ಎರಡು ಮಾರು ಆಚೆ, ಬಿಸಿಲಿನಲ್ಲಿ, ಬಿಳಿ ಪಂಚೆಯ ಮಾವ. ಬಿಸಿಲಿಗೂ ನೆರಳಿಗೂ ಸಾಮಾನ್ಯವಾಗಿ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಅಂತರ. ಬಟ್ಟೆಯ ಕಪ್ಪುಬಿಳುಪೂ ಕೂಡಿದರೆ ಅದು ಏಳು ಸ್ಟಾಪ್ ಮುಟ್ಟುತ್ತದೆ. ಇವರಿಬ್ಬರ ನಡುವಿನ ಇತರ ಅಂತರಗಳು ಇಲ್ಲಿ ಅಪ್ರಸ್ತುತ.

ಪೂರ್ವಪಕ್ಷ ಮೀಟರಿನದು. ಮೀಟರು ಕಟ್ಟಾ ಅದ್ವೈತಿ: ಕಂಡದ್ದೆಲ್ಲ ಶೇ. 18ರ ಬೂದು, ಮಿಕ್ಕದ್ದು ಮಾಯೆ. ಪಂಚೆ ತೋರಿಸಿದರೆ ಅದನ್ನು ಕೊಳೆ ಮಾಡುತ್ತದೆ, ಕೊಡೆ ತೋರಿಸಿದರೆ ಅದಕ್ಕೆ ವಿಭೂತಿ ಬಳಿಯುತ್ತದೆ.

ಸಿದ್ಧಾಂತ ತಾರತಮ್ಯದ್ದು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಕಟ್ಟಿದ ವಲಯ ಪದ್ಧತಿಯಲ್ಲಿ ಕಡುಗಪ್ಪು 0, ಅಚ್ಚಬಿಳುಪು 10, ಮೀಟರಿನ ಬೂದು 5, ಮೆಟ್ಟಿಲಿಗೊಂದು ಸ್ಟಾಪ್. ವಿವರ ಉಳಿಯಬೇಕಾದ ನೆರಳಿಗೆ 3ನೇ ಪೀಠ. ಆದ್ದರಿಂದ ನೆಗೆಟಿವ್ ಮತದವರು ಕೊಡೆಯ ಹತ್ತಿರ ಹೋಗಿ ಮೀಟರ್ ನೋಡಿ, ಎರಡು ಸ್ಟಾಪ್ ಇಳಿಸುತ್ತಾರೆ. ಪಂಚೆ ಹಾರಿ 10ಕ್ಕೆ ಕೂರುತ್ತದೆ. ಅದನ್ನು ಡೆವಲಪರಿನಲ್ಲಿ ಹೊತ್ತು ಕಡಿಮೆ ಮಾಡಿ ಕೆಳಗಿಳಿಸಬೇಕು. ಆದರೆ ರೋಲಿನ 36 ಚಿತ್ರಕ್ಕೂ ಒಂದೇ ಸ್ನಾನ. ಅದರಲ್ಲೇ ಇರುವ ಸತ್ಯನಾರಾಯಣ ಪೂಜೆ ಮಂಕಾದರೆ ಶಾಸ್ತ್ರ ಹೊಣೆಯಲ್ಲ. ಸ್ಲೈಡ್ ಮತ ಇದಕ್ಕೆ ವಿರುದ್ಧ. ಸ್ಲೈಡಿನಲ್ಲಿ ಸುಟ್ಟ ಬಿಳುಪು ಬರಿಯ ಪಾರದರ್ಶಕ ಪಟ್ಟಿ, ಮರಳಿ ಬಾರದು. ಹಾಗಾಗಿ ಪಂಚೆಗೆ ಮೀಟರ್ ಹಿಡಿದು ಎರಡು ಸ್ಟಾಪ್‌ವರೆಗೆ ಏರಿಸಿ, ಅತ್ತೆಯನ್ನು ಕತ್ತಲೆಗೆ ಒಪ್ಪಿಸುತ್ತಾರೆ. ಅಳಿಯಂದಿರಲ್ಲಿ ಈ ಮತಕ್ಕೆ ಅನುಯಾಯಿಗಳಿಲ್ಲ.

ಮೂರನೆಯ ಮಾರ್ಗ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರದು. 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಅವರು ಬಿಸಿಲನ್ನೇ ಕನ್ನಡಿಯಿಂದ ತಿರುಗಿಸಿ, ಮುಂಬೈ ಸ್ಟುಡಿಯೊದ ಕತ್ತಲೆಯೊಳಗೆ ಬೆಳಕಿನ ಕೋಲು ನಿಲ್ಲಿಸಿದರು. ಬಿಸಿಲು ಬೇಡಿದಲ್ಲಿಗೆ ಬರುತ್ತದೆಂಬುದು ಇದರಿಂದ ಸಿದ್ಧ. ಕಾಸರವಡವಲಿಯ ಮಟ್ಟಿಗೆ ಒಂದು ಬಿಳಿ ಬೆಡ್‌ಶೀಟು ಸಾಕು, ಹಿಡಿಯಲು ಮಗಳಿದ್ದಾಳೆ.

ಶಟರ್ ವೇಗದ ಪ್ರಕರಣ ಚಿಕ್ಕದು. ಈ ರಸ್ತೆಯಲ್ಲಿ ಟ್ರಕ್ಕುಗಳು ಅಲುಗಿ ಚಿತ್ರ ಕೆಡುವ ಭಯವಿಲ್ಲ.

ಯಾವ ಮತದವರಾದರೂ ಒಂದು ಸ್ಟಾಪ್ ಹೆಚ್ಚು, ಒಂದು ಸ್ಟಾಪ್ ಕಡಿಮೆ ಇಟ್ಟು ಇನ್ನೆರಡು ಚಿತ್ರ ತೆಗೆಯತಕ್ಕದ್ದು. ಹೆಚ್ಚಿನದು ಅತ್ತೆಗೆ, ಕಡಿಮೆಯದು ಮಾವನಿಗೆ. ಇಬ್ಬರೂ ಸರಿಯಾಗಿ ಕಾಣುವುದನ್ನು ಯಾರೂ ಕೇಳುವುದಿಲ್ಲ.