ಆರೋಗ್ಯದ ಲಗೇಜು

ಬರೋಡಾದ, ಅಂದರೆ ಈಗಿನ ವಡೋದರಾದ, ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1887ರಲ್ಲಿ ಮೊದಲ ಸಲ ಯೂರೋಪಿಗೆ ಹೋದದ್ದು ಊರು ನೋಡುವ ಚಪಲದಿಂದಲ್ಲ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಮೈಯಲ್ಲಿ ಸುಖವಿರಲಿಲ್ಲ, ಹವೆ ಬದಲಾಯಿಸಿಕೊಂಡು ಬನ್ನಿ ಎಂದು ಡಾಕ್ಟರರು ಹೇಳಿದರು, ಹೋದರು. ಆಮೇಲೆ ರುಚಿ ಹತ್ತಿತು. ಮತ್ತೆ ಮತ್ತೆ ಹೋಗತೊಡಗಿದರು. ಕೊನೆಗೆ ರಾಜರುಗಳು ಸರಕಾರದ ಅಪ್ಪಣೆಯಿಲ್ಲದೆ ದೇಶ ಬಿಟ್ಟು ಹೋಗಕೂಡದೆಂದು ವೈಸರಾಯ್ ಲಾರ್ಡ್ ಕರ್ಜನ್ 1900ರಲ್ಲಿ ಸುತ್ತೋಲೆಯನ್ನೇ ಹೊರಡಿಸಬೇಕಾಯಿತು. ಆ ಮಹಾರಾಜರ ಬೇಸಿಗೆ ಅರಮನೆ ಇರುವುದು ವಡೋದರಾದ ನಮ್ಮ ಮಕರಪುರದಲ್ಲಿ. 1870ರಲ್ಲಿ ಖಂಡೇರಾವ್ ಗಾಯಕವಾಡರು ಕಟ್ಟಿಸಿದ್ದು. ಈಗ ವಾಯುಪಡೆಯ ತರಬೇತಿ ಶಾಲೆಯಾಗಿರುವುದರಿಂದ ನಮ್ಮಂಥವರಿಗೆ ಕಾಣುವುದು ಕಾಂಪೌಂಡು ಗೋಡೆ ಮತ್ತು ಮರಗಳ ತುದಿ. ಅದೇ ಮಕರಪುರದ ಇನ್ನೊಂದು ಮಗ್ಗುಲಲ್ಲಿ ಜಿಐಡಿಸಿ ಕೈಗಾರಿಕಾ ಶೆಡ್ಡುಗಳು. ಅಂಥದೊಂದರಲ್ಲಿ ಲೇತ್ ಮಷಿನ್ನಿನ ಕಿರುಚಾಟ ಕೇಳುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ಧಾರವಾಡದವನು ನಾನು.

ಮಹಾರಾಜರು ಆರೋಗ್ಯ ಹುಡುಕಿಕೊಂಡು ಪರದೇಶಕ್ಕೆ ಹೋದರು. ನಮ್ಮ ಹೌಸಿಂಗ್ ಸೊಸೈಟಿಯವರು ಆರೋಗ್ಯವನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗುತ್ತಾರೆ. ತಲೆಗೆ 23 ಕಿಲೋ ಲಗೇಜು ಅಂದರೆ ಅದರಲ್ಲಿ ಬಟ್ಟೆ ಐದಾರು ಕಿಲೋ. ಮಿಕ್ಕಿದ್ದು ಮಸಾಲೆ ರೊಟ್ಟಿಯಾದ ಥೇಪ್ಲಾ, ಹಪ್ಪಳದಂಥ ಖಾಖ್ರಾ, ಲೀಲೋ ಚೇವಡೋ, ಮಾವಿನಕಾಯಿಯ ಛುಂದೋ, ಮತ್ತು ಒಂದು ಸಣ್ಣ ಔಷಧಿ ಅಂಗಡಿ. ಇದು ಬರೀ ನಾಲಗೆಯ ಆಸೆ ಅಂತ ನೀವು ತಿಳಿದರೆ ಗುಜರಾತಿಗಳಿಗೆ ಅನ್ಯಾಯ ಮಾಡಿದ ಹಾಗೆ. ಪರದೇಶದಲ್ಲಿ ಮನುಷ್ಯನಿಗೆ ಬರುವ ಸಕಲ ರೋಗಗಳಿಗೂ ಮೂಲ ಅಲ್ಲಿಯ ಊಟ ಎಂದು ಅವರು ಮನಸಾರೆ ನಂಬಿದ್ದಾರೆ. ಟೂರಿನ ಜೊತೆಗೇ ಅಡುಗೆಯ ಮಹಾರಾಜ್ ಒಬ್ಬ ಬರುತ್ತಾನೆಂದು ಖಾತ್ರಿಯಾದರೂ ಥೇಪ್ಲಾ ಬಿಡುವುದಿಲ್ಲ. ಮಹಾರಾಜನಿಗೇ ಹುಷಾರು ತಪ್ಪಿದರೆ?

ಹೊರಡುವುದಕ್ಕೆ ತಿಂಗಳಿರುವಾಗ ಸೊಸೈಟಿಯ ಹಿರಿಯರಾದ ಕಾಕಾ ಅವರ ವರಾಂಡದಲ್ಲಿ ಸಭೆ ಸೇರುತ್ತದೆ. ಕಾಕಾ ಹೀಂಚ್ಕೋ, ಅಂದರೆ ತೂಗುಮಂಚದ ಮೇಲೆ. ನಾವೆಲ್ಲ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಟೂರಿನ ಹುಡುಗ ಇನ್ಶೂರೆನ್ಸ್ ಫಾರ್ಮು ಹಂಚುತ್ತಾನೆ. ಯೂರೋಪಿನ ಶೆಂಗೆನ್ ವೀಸಾ ಬೇಕಾದರೆ ಕಡಿಮೆ ಎಂದರೂ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಈಗಾಗಲೇ ನಿಮಗೆ ಯಾವ ಯಾವ ಕಾಯಿಲೆಗಳಿವೆ? ಅಲ್ಲಿ ಇಡೀ ವರಾಂಡ ಗಪ್‌ಚಿಪ್. ಇದೇ ಜನ ದಿನಾ ಸಂಜೆ ಬಾಕಿನ ಮೇಲೆ ಕೂತು ತಮ್ಮ ಬಿಪಿ, ಶುಗರ್, ಮೊಣಕಾಲು, ಪ್ರಾಸ್ಟೇಟುಗಳನ್ನು ಮೊಮ್ಮಕ್ಕಳ ಮಾರ್ಕ್ಸಿನಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳುವವರು. ಒಬ್ಬರ ಶುಗರ್ 280 ಎಂದರೆ ಇನ್ನೊಬ್ಬರು 310 ಎಂದು ಏರಿಸುವವರು. ಫಾರ್ಮು ಕೈಗೆ ಬಂದದ್ದೇ ತಡ, ಎಲ್ಲರೂ ಹುಟ್ಟಿದಾರಭ್ಯ ನೆಗಡಿಯೂ ಕಾಣದ ಪೈಲವಾನರಾಗಿಬಿಡುತ್ತಾರೆ. "ಥೋಡಾ ಬಾರ್ಡರ್ ಪರ್ ಹೈ" ಎಂದು ಕಾಕಾ ಗೊಣಗುತ್ತಾರೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಗುಳಿಗೆ ನುಂಗುವ ಬಾರ್ಡರ್ ಅದು. ಮುಚ್ಚಿಟ್ಟರೆ ನಾಳೆ ಆಸ್ಪತ್ರೆ ಬಿಲ್ಲು ಬಂದಾಗ ವಿಮೆಯವರು ಕೈಯೆತ್ತುತ್ತಾರೆ ಎಂದು ಸೊಸೈಟಿಯ ಡಾಕ್ಟರ್ ಸಾಹೇಬರು ಗಂಟಲು ಹರಿದುಕೊಂಡ ಮೇಲೆ ಒಬ್ಬೊಬ್ಬರೇ, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವವರಂತೆ, ಬಿಪಿಯನ್ನು ಒಪ್ಪಿಕೊಳ್ಳುತ್ತಾರೆ.

ಔಷಧಿಯ ವಿಚಾರದಲ್ಲೂ ಡಾಕ್ಟರ್ ಸಾಹೇಬರದು ಕಟ್ಟುನಿಟ್ಟು. ಗುಳಿಗೆಗಳನ್ನು ಬಿಡಿಸಿ ಹಳೆಯ ಡಬ್ಬಿಗೆ ಸುರಿಯಬೇಡಿ, ಪಟ್ಟಿಯಲ್ಲೇ ಇರಲಿ, ಜೊತೆಗೆ ಚೀಟಿ ಇರಲಿ, ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಮದ್ದಿನ ಮೂಲ ಹೆಸರೂ ಇರಲಿ. ನಮ್ಮ ಬೆಂಗಳೂರಿನ ಡೋಲೋ ಎಷ್ಟೇ ಪ್ರಖ್ಯಾತವಾದರೂ ಜ್ಯೂರಿಕ್ಕಿನ ಔಷಧಿ ಅಂಗಡಿಯವನಿಗೆ ಗೊತ್ತಿರಲಾರದು. ಪ್ಯಾರಾಸಿಟಮಾಲ್ ಎಂದರೆ ತಿಳಿಯುತ್ತದೆ. ದಿನಾ ತೆಗೆದುಕೊಳ್ಳುವ ಮಾತ್ರೆ, ಇನ್ಸುಲಿನ್ ಎಲ್ಲ ಕೈಚೀಲದಲ್ಲೇ. ವಿಮಾನದ ಹೊಟ್ಟೆಗೆ ಹಾಕಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಟ್ಟೀತು, ಪೆಟ್ಟಿಗೆಯೇ ಇನ್ನೊಂದು ದೇಶಕ್ಕೆ ಹೋದೀತು. ಇಷ್ಟೆಲ್ಲ ಕೇಳಿದ ಮೇಲೆ ಬಾಜೂಮನೆಯ ಬೆನ್, ಅಂದರೆ ಅಕ್ಕನವರು, ಕೇಳಿದ್ದು: "ಥೇಪ್ಲಾ ಕೈಚೀಲದಲ್ಲಿ ಇಡಬಹುದಲ್ಲ?" ಇಡಬಹುದು. ಛುಂದೋ ಇಡುವ ಹಾಗಿಲ್ಲ, ಅದು ದ್ರವದ ಲೆಕ್ಕ. 100 ಎಂಎಲ್ ಮೀರಿದರೆ ತೆಗೆದಿಡುತ್ತಾರೆ. ತುರಿದ ಮಾವಿನಕಾಯಿ ದ್ರವ ಹೇಗಾಗುತ್ತದೆ ಎಂಬ ಚರ್ಚೆಗೆ ಅರ್ಧ ತಾಸು ಹೋಯಿತು. ಇನ್ಸುಲಿನ್ ಬಗ್ಗೆ ಯಾರೂ ಮರುಪ್ರಶ್ನೆ ಹಾಕಲಿಲ್ಲ.

ನಮ್ಮ ಮನೆಯ ಗಂಡಾಂತರವೇ ಬೇರೆ ಬಗೆಯದು. ಮಗಳು ಅಳಿಯ ದುಬೈಯಲ್ಲಿದ್ದಾರೆ. ದೀಪಾವಳಿಗೆ ಅಲ್ಲಿಗೆ ಹೋಗುವುದೆಂದು ನಿಕ್ಕಿಯಾದಾಗ ನನ್ನಾಕೆ ಅನಾರಸ ಕರಿಯಲು ಕೂತಳು, ಮೇಲೆ ದಂಡಿಯಾಗಿ ಗಸಗಸೆ. ಉತ್ಸಾಹದಲ್ಲಿ ಅದರ ಫೋಟೋ ಕಳಿಸಿದ್ದೇ ಒಳ್ಳೆಯದಾಯಿತು. ನಿಮಿಷದೊಳಗೆ ಅಳಿಯನ ಫೋನು. "ಅತ್ತಿ, ಅದನ್ನ ಮಾತ್ರ ತರಬ್ಯಾಡ್ರಿ. ಗಸಗಸಿ ಇಲ್ಲಿ ಬಂದ್. ಏರ್‌ಪೋರ್ಟಿನಾಗ ಸಿಕ್ಕರ ಒಳಗ ಹಾಕ್ತಾರ."

"ಗಸಗಸಿಗೇನಾಗೇದರೀ? ಹಸುಗೂಸಿಗೂ ಕೊಡ್ತೀವಿ," ಎಂದಳು ನನ್ನಾಕೆ, ನನ್ನ ಕಡೆ ತಿರುಗಿ, ಅರಬ್ ಒಕ್ಕೂಟದ ಕಾನೂನು ನಾನೇ ಬರೆದಿದ್ದೇನೆ ಎಂಬಂತೆ.

ಗಸಗಸೆಯೂ ಅಫೀಮೂ ಒಂದೇ ಗಿಡದ ಕೂಸುಗಳು. ಒಂದು ಬೀಜ, ಇನ್ನೊಂದು ಕಾಯಿಯ ಹಾಲು. ಯುಎಇಯವರು ಬೀಜವನ್ನೂ ನಂಬುವುದಿಲ್ಲ. ಕೊಡೀನ್ ಬೆರೆತ ಕೆಮ್ಮಿನ ಔಷಧಿ, ಟ್ರಮಡಾಲ್‌ನಂಥ ನೋವಿನ ಗುಳಿಗೆಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಜಪಾನಿನಲ್ಲಿ ನೆಗಡಿ ಮಾತ್ರೆಯ ಸೂಡೋಎಫೆಡ್ರಿನ್ ನೂರಕ್ಕೆ ಹತ್ತನ್ನು ಮೀರಿದರೆ ತಕರಾರು. ಆಸ್ಟ್ರೇಲಿಯಾದಲ್ಲಿ ತಿನ್ನುವ ಸಾಮಾನು ಏನಿದ್ದರೂ ಫಾರ್ಮಿನಲ್ಲಿ ಹೇಳಿಕೊಳ್ಳಬೇಕು, ಮುಚ್ಚಿಟ್ಟರೆ ದಂಡ. ಒಟ್ಟಿನಲ್ಲಿ ಜಗತ್ತಿನ ಒಂದೊಂದು ದೇಶವೂ ನಮ್ಮ ಅಡುಗೆಮನೆಯ ಒಂದೊಂದು ಡಬ್ಬಿಗೆ ಹೆದರಿಕೊಂಡು ಕೂತಿದೆ. ನಾವು ಅವರ ನೀರಿಗೆ ಹೆದರುತ್ತೇವೆ, ಅವರು ನಮ್ಮ ಮಸಾಲೆಗೆ. ಅನಾರಸವನ್ನೇನು ಮಾಡುವುದು? ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ. ಹೊರಡುವುದರೊಳಗೆ ನಾವಿಬ್ಬರೇ ಕೂತು ಮುಗಿಸಿದೆವು. ದುಬೈಗೆ ಇಳಿದಾಗ ನನ್ನ ಚೀಲದಲ್ಲಿ ನಿಷಿದ್ಧ ವಸ್ತು ಒಂದೂ ಇರಲಿಲ್ಲ, ರಕ್ತದಲ್ಲಿ ಮಾತ್ರ ಸಕ್ಕರೆ ಬೇಕಾದಷ್ಟಿತ್ತು.

ಸೊಸೈಟಿಯ ಜೊತೆ ಸ್ವಿಟ್ಜರ್ಲೆಂಡಿಗೆ ಹೋದಾಗಿನ ಮಾತು ಹೇಳುತ್ತೇನೆ. ನಮ್ಮ ವಡೋದರಾದಿಂದ ಹೊರದೇಶದ ವಿಮಾನಕ್ಕೆ ಅಹಮದಾಬಾದಿಗೆ ಹೋಗಬೇಕು; 93 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ. ಆನಂದ್ ದಾಟುವ ಮೊದಲೇ ಥೇಪ್ಲಾದ ಮೊದಲ ಪೊಟ್ಟಣ ಬಿಚ್ಚಲಾಯಿತು, ಬಸ್ಸಿನ ಹವೆಗೆ ಯಾರಿಗಾದರೂ ಪಿತ್ತ ಆಗದಿರಲಿ ಎಂದು. ವಿಮಾನದಲ್ಲಿ ತಾಸುಗಟ್ಟಲೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ, ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ ಎಂದು ಡಾಕ್ಟರ್ ಸಾಹೇಬರು ಹೇಳಿದ್ದರಲ್ಲ. ನಮ್ಮ ಬೆನ್‌ಗಳು ಸೀಟುಗಳ ನಡುವಿನ ಓಣಿಯಲ್ಲಿ ಸಾಲಾಗಿ ಓಡಾಡಿದ್ದೇ ಓಡಾಡಿದ್ದು. ಗಗನಸಖಿಯ ಗಾಡಿಗೆ ದಾರಿ ಸಿಗಲಿಲ್ಲ. ಆಮೇಲೆ ಇಂಟರ್‌ಲಾಕನ್ನಿನ ಹುಲ್ಲುಗಾವಲಿನಲ್ಲಿ ಜಾಗ ಸಿಕ್ಕಿದ ಕೂಡಲೇ ಗರ್ಬಾ. ನವರಾತ್ರಿಯಲ್ಲಿ ನಡುರಾತ್ರಿಯವರೆಗೆ ಕುಣಿದು ಪಳಗಿದ ವಡೋದರಾದ ಕಾಲುಗಳಲ್ಲಿ ಯಾವ ರಕ್ತ ತಾನೇ ಹೆಪ್ಪುಗಟ್ಟೀತು? ಗಂಡಸರಾದ ನಾವು ಬೆಂಚು ಹುಡುಕಿ ಕೂತೆವು. ವೈದ್ಯಶಾಸ್ತ್ರದ ಪ್ರಕಾರ ಅಪಾಯವಿದ್ದದ್ದು ನಮಗೆ.

ಅಲ್ಲಿ ನಳದ ನೀರೇ ಕುಡಿಯಲು ಚೊಕ್ಕವಾದದ್ದು. ಎಲ್ಲ ಪುಸ್ತಕಗಳೂ ಹೇಳುತ್ತವೆ, ಗೈಡು ಹೇಳಿದ, ಹೋಟೆಲಿನವರೂ ಹೇಳಿದರು. ನಮ್ಮವರು ಅದನ್ನು ಕೆಟಲಿನಲ್ಲಿ ಕುದಿಸಿ, ಆರಿಸಿ, ಕರವಸ್ತ್ರದಲ್ಲಿ ಸೋಸಿ ಕುಡಿದರು. ಕರವಸ್ತ್ರ ಮಕರಪುರದ್ದು, ಆಲ್ಪ್ಸಿನ ನೀರಿಗೆ ಅಲ್ಲಿಯವರೆಗೆ ಇರದಿದ್ದ ಏನೇನೋ ಅದರಿಂದಲೇ ಸೇರಿರಬೇಕು. ಒಬ್ಬರಿಗೆ ಹೊಟ್ಟೆ ಕೆಟ್ಟಿತು. ಓಆರ್‌ಎಸ್ ಪೊಟ್ಟಣ ಹೊರಬಂತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು ಸಕ್ಕರೆಯ ಇದೇ ನೀರು ಕುಡಿಸಿ ಕಾಲರಾದವರನ್ನು ಸಾಲುಸಾಲಾಗಿ ಉಳಿಸಿದರು, ಅಂಥ ಮದ್ದು. ಅದಕ್ಕಿರುವ ನಿಯಮ ಒಂದೇ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು ಹಾಕಬೇಕು. ಲೀಟರಿನ ಪೊಟ್ಟಣಕ್ಕೆ ಲೀಟರು. ಕಾಕಾ ಅದನ್ನು ಅರ್ಧ ಗ್ಲಾಸಿನಲ್ಲಿ ಕಲಸಿ "ಸ್ಟ್ರಾಂಗ್ ಇರಲಿ" ಎಂದರು, ಚಹಾ ಮಾಡಿದವರ ಹಾಗೆ. ಅಷ್ಟು ಗಟ್ಟಿಯಾದರೆ ಭೇದಿ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಮಯಕ್ಕೆ ಡಾಕ್ಟರ್ ಸಾಹೇಬರು ಬಂದು ಗ್ಲಾಸು ಕಿತ್ತುಕೊಂಡರು.

ನನ್ನನ್ನು ಕೇಳಿದರೆ ಅಲ್ಲಿ ನಿಜವಾದ ಅಪಾಯ ನೀರಲ್ಲ, ಊಟವಲ್ಲ, ರಸ್ತೆ ದಾಟುವುದು. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ರಸ್ತೆಗೆ ಕಾಲಿಡುವ ಮುಂಚೆ ಎಡಕ್ಕೆ ನೋಡಬೇಕು. ನಮ್ಮ ಕತ್ತು ಹುಟ್ಟಿನಿಂದ ಮೊದಲು ಬಲಕ್ಕೆ ತಿರುಗಿಯೇ ಅಭ್ಯಾಸ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಮಕರಪುರದ ಬಸ್ ಡಿಪೋ ಮುಂದೆ ನಾವು ರಸ್ತೆ ದಾಟುವುದು ಕಣ್ಣಿನಿಂದಲ್ಲ, ಕಿವಿಯಿಂದ. ಹಿಂದಿನದು ಲಾರಿ, ಪಕ್ಕದ್ದು ರಿಕ್ಷಾ, ದೂರದ್ದು ಬುಲೆಟ್ ಎಂದು ಹಾರನ್ನೇ ಹೇಳುತ್ತದೆ. ಜ್ಯೂರಿಕ್ಕಿನಲ್ಲಿ ಹಾರನ್ ಇಲ್ಲ. ನೀಲಿ ಟ್ರಾಮು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಅಷ್ಟು ನಿಶ್ಶಬ್ದದಲ್ಲಿ ಸಾಯುವುದು ನಮ್ಮಂಥವರಿಗೆ ಬಲು ಸುಲಭ. ನನ್ನಾಕೆ ನನ್ನ ಅಂಗಿಯ ತುದಿ ಹಿಡಿದೇ ಊರೆಲ್ಲ ನಡೆದಳು. ಪ್ರೀತಿಯಿಂದಲೋ ಅಂತ ಸ್ವಲ್ಪ ಹೊತ್ತು ಹಿಗ್ಗಿದ್ದೆ. "ಪಾಸ್‌ಪೋರ್ಟ್ ನಿಮ್ಮ ಕಡೇನ ಅದಾವಲ್ಲ," ಎಂದಳು.

ಅಲ್ಲಿಯ ಬೆಟ್ಟದ ಮೇಲಿನ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಚಪ್ಪಟೆ ವಡೋದರಾದ ಮಾತು ಬಿಡಿ. ಆ ಎತ್ತರದಲ್ಲಿ ಎದೆಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಕೇಬಲ್ ಕಾರು, ರೈಲು ಎಂದು ಬೇಗ ಬೇಗ ಏರಿಬಿಡುತ್ತೇವಾದ್ದರಿಂದ ಮೈಗೆ ಹೊಂದಿಕೊಳ್ಳಲು ಪುರಸೊತ್ತಿಲ್ಲ. ನಿಧಾನ ನಡೆಯಿರಿ, ಓಡಬೇಡಿ ಎಂದರು ಡಾಕ್ಟರ್ ಸಾಹೇಬರು. ಹಿಮ ಕಂಡದ್ದೇ ನಮ್ಮವರು ಹಿಂದಿ ಸಿನೆಮಾದ ಹಾಡು ನೆನಪಾಗಿ ಕೈ ಚಾಚಿಕೊಂಡು ಓಡಿದರು. ಹತ್ತು ಹೆಜ್ಜೆಗೆ ಎಲ್ಲರೂ ಕೂತರು. ಕಾಕಾರ ಮುಖ ಬಿಳಿಚಿತ್ತು. ನೀರು ಕುಡಿಸಿ, ಒಳಗೆ ಕೂರಿಸಿ, ಮುಂದಿನ ರೈಲಿಗೇ ಕೆಳಗೆ ಕರೆತಂದೆವು. ಕೆಳಗೆ ಬಂದಂತೆ ಸರಿಹೋಯಿತು, ಅದಕ್ಕಿರುವ ಮೊದಲ ಮದ್ದೇ ಕೆಳಗಿಳಿಯುವುದು. ಕಾಕಾ ಮಾತ್ರ ಇಂದಿಗೂ ತಮ್ಮನ್ನು ಉಳಿಸಿದ್ದು ರೈಲಿನಲ್ಲಿ ತಿಂದ ಖಾಖ್ರಾ ಎನ್ನುತ್ತಾರೆ.

ಇನ್ನೊಂದು ಟೂರಿನಲ್ಲಿ ಬಾಲಿಯ ಉಲುವಾಟು ದೇವಸ್ಥಾನದಲ್ಲಿ ಕಾಕಾರ ಕನ್ನಡಕವನ್ನು ಕೋತಿ ಕಸಿದದ್ದನ್ನೂ ಹೇಳಬೇಕು. ಅಲ್ಲಿಯ ಕೋತಿಗಳು ಕಸಿದದ್ದನ್ನು ಹಣ್ಣು ಕೊಟ್ಟರೆ ಹಿಂದಿರುಗಿಸುತ್ತವೆ. ಸಣ್ಣ ಹಣ್ಣಿಗೆ ಒಪ್ಪದೆ ಕಾಯುತ್ತವೆ ಕೂಡ. ನಲವತ್ತು ವರ್ಷ ಮಂಗಲ್ ಬಜಾರಿನಲ್ಲಿ ಅಂಗಡಿ ನಡೆಸಿದ ಕಾಕಾ ಚೌಕಾಸಿಯಲ್ಲಿ ಸೋತದ್ದನ್ನು ನಾನು ಕಂಡದ್ದು ಅಲ್ಲೇ. ಕಚ್ಚಲಿಲ್ಲವಲ್ಲ, ಪುಣ್ಯ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಕೋತಿಯೋ ನಾಯಿಯೋ ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಲಸಿಕೆಗೆ ಓಡಬೇಕು, ಟೂರ್ ಮುಗಿಯಲಿ ಎಂದು ಕಾಯುವಂತಿಲ್ಲ.

ಈ ಸಲ ಕೀನ್ಯಾ. ಕಾಕಾ ಹುಟ್ಟಿದ್ದೇ ಪಕ್ಕದ ಯುಗಾಂಡಾದ ಕಂಪಾಲಾದಲ್ಲಿ. 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಓಡಿಸಿದಾಗ ಮನೆಮಂದಿಯ ಜೊತೆ ವಡೋದರಾಕ್ಕೆ ಬಂದವರು. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕೆಂದು ಡಾಕ್ಟರ್ ಸಾಹೇಬರು ಎಂದಾಗ ನಕ್ಕುಬಿಟ್ಟರು. "ಆ ಸೊಳ್ಳೆಗಳೆಲ್ಲ ನಮ್ಮ ಬಾಲ್ಯದ ಗೆಳೆಯರು. ಭಯ ಇದ್ದದ್ದು ಅಮೀನನದು, ಅವನಿಗೆ ಲಸಿಕೆ ಇರಲಿಲ್ಲ."

ಡಾಕ್ಟರರು ನಗಲಿಲ್ಲ. ಹೊರಡುವ ಹತ್ತು ದಿನ ಮುಂಚೆಯಾದರೂ ಚುಚ್ಚಿಸಿಕೊಂಡಿರಬೇಕು, ಒಮ್ಮೆ ಹಾಕಿಸಿಕೊಂಡರೆ ಆ ಹಳದಿ ಕಾರ್ಡು ಬದುಕಿರುವವರೆಗೆ ನಡೆಯುತ್ತದೆ. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವಾಗ ಹಿಂದೆಮುಂದೆ ನೋಡಬೇಕು, ನಿಮ್ಮನ್ನು ಮೊದಲು ತಪಾಸಣೆ ಮಾಡಬೇಕು ಎಂದರು. ಮಲೇರಿಯಾ ಗುಳಿಗೆ ಬೇರೆ. ಕಾರ್ಡಿಲ್ಲದೆ ಹೋಗಿಬಂದರೆ ಭಾರತದಲ್ಲಿ ಇಳಿದ ಕೂಡಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ ಎಂದೂ ಸೇರಿಸಿದರು.

"ಅಲ್ಲಿ ಜೈನ್ ಊಟ ಸಿಗುತ್ತದಾ?" ಬಾಜೂಮನೆಯ ಬೆನ್ ಪ್ರಶ್ನೆ.

ಯಾರಿಗೂ ಗೊತ್ತಿಲ್ಲ. ಪೆನ್ನು ಕಾಗದ ಬಂತು. ಆರು ದಿನ, ಒಬ್ಬರಿಗೆ ಹೊತ್ತಿಗೆ ನಾಲ್ಕು ಥೇಪ್ಲಾ. ಆದರೆ ಸಫಾರಿ ಮುಗಿಸಿ ಬರುವ ಹೊತ್ತಿಗೆ ಅವು ಹಳಸಿರುತ್ತವೆ. ಖಾಖ್ರಾ ಪುಡಿಯಾಗಿರುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ನನ್ನಾಕೆ ಬಾಯಿಬಿಟ್ಟಳು. ಜೋಳದ ಖಡಕ್ ರೊಟ್ಟಿ ತಿಂಗಳು ಕಳೆದರೂ ಕೆಡುವುದಿಲ್ಲ, ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ಆರು ದಿನ ಏನು, ಇಪ್ಪತ್ತು ದಿನ ಬೇಕಾದರೂ ಇರಬಹುದು, ತಾನೇ ಬಡಿದುಕೊಡುತ್ತೇನೆ ಎಂದಳು. ಹೀಂಚ್ಕೋ ತಟ್ಟನೆ ನಿಂತಿತು. ಕಾಕಾರ ಮುಖದಲ್ಲಿ ದೊಡ್ಡ ಭಾರ ಇಳಿದ ಸಮಾಧಾನ.

"ಹಾಗಾದರೆ ಡಾಕ್ಟರ್ ಸಾಹೇಬ್," ಎಂದರು, "ಇನ್ನು ಲಸಿಕೆ ಯಾಕೆ?"